ಪರದೆಯ ಬಣ್ಣ ಕಾಗದಕ್ಕೆ ಇಳಿಯಲು: ಒಂದು ಕಲರಿಮೀಟರಿನ ವಿಮರ್ಶೆ

ಕಪ್ಪು ಕಂಬಳಿ ಹೊದ್ದು ಕಿಟಕಿಯ ಪಕ್ಕ ಕುಳಿತ ಅಜ್ಜಿಯ ಚಿತ್ರವೊಂದನ್ನು ನಾನು ಮೂರು ಬಾರಿ ಮುದ್ರಿಸಿದ್ದೆ. ಪರದೆಯ ಮೇಲೆ ಕಂಬಳಿಯ ಒಂದೊಂದು ಮಡಿಕೆಯೂ ಅಂಚಿನಲ್ಲಿ ಎದ್ದ ಉಣ್ಣೆಯ ಎಳೆಗಳೂ ಕಾಣುತ್ತಿದ್ದವು. ಕಾಗದದ ಮೇಲೆ ಮೂರು ಸಲವೂ ಅದು ಬರೀ ಕಪ್ಪು ಮುದ್ದೆಯಾಗಿ ಬಂತು, ಸಾಲದ್ದಕ್ಕೆ ಅಜ್ಜಿಯ ಕೆನ್ನೆಗೆ ಇಲ್ಲದ ಕೆಂಪು ಮೆತ್ತಿಕೊಂಡಿತ್ತು. ಪ್ರಿಂಟರಿನ ಮೇಲೆ ಅನುಮಾನಪಟ್ಟು ಶಾಯಿಯನ್ನೂ ಕಾಗದವನ್ನೂ ಬದಲಿಸಿ ನೋಡಿದ ಮೇಲೆಯೇ, ತಪ್ಪು ಪರದೆಯದ್ದೂ ಇರಬಹುದೆಂದು ಹೊಳೆದು, ಹವ್ಯಾಸಿಗಳಿಗೆಂದು ಮಾರುವ ಆರಂಭಿಕ ದರ್ಜೆಯ ಕಲರಿಮೀಟರ್ ಎಂಬ, ಪರದೆಯ ಬಣ್ಣ ಅಳೆಯುವ ಉಪಕರಣವೊಂದನ್ನು ಕೊಂಡೆ. ಆರು ತಿಂಗಳ ಬಳಕೆಯ ನಂತರ ಇದನ್ನು ಬರೆಯುತ್ತಿದ್ದೇನೆ.

ಅಂಗೈಯಲ್ಲಿ ಹಿಡಿಸುವ ಈ ಉಪಕರಣವನ್ನು ಯುಎಸ್‌ಬಿ ತಂತಿಯಿಂದ ಮಾನಿಟರಿನ ಮುಂದೆ ಇಳಿಬಿಡಬೇಕು. ಜೊತೆಗೆ ಬರುವ ತಂತ್ರಾಂಶ ಒಂದರ ಹಿಂದೊಂದು ಬಣ್ಣದ ಚೌಕಗಳನ್ನು ತೋರಿಸುತ್ತದೆ. ಉಪಕರಣ ಅವನ್ನು ಅಳೆಯುತ್ತದೆ. ಇರಬೇಕಾದ ಬಣ್ಣಕ್ಕೂ ಇರುವ ಬಣ್ಣಕ್ಕೂ ಇರುವ ಅಂತರವನ್ನು ಲೆಕ್ಕಹಾಕಿ, ಕೊನೆಗೆ ಆ ಪರದೆಯ ಗುಣವನ್ನು ವಿವರಿಸುವ ಐಸಿಸಿ ಪ್ರೊಫೈಲ್ ಸಿದ್ಧವಾಗುತ್ತದೆ. ಅಳೆಯುವ ಮುನ್ನ ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಡಬೇಕು, ಉಪಕರಣ ಪರದೆಗೆ ಸಂದಿಲ್ಲದಂತೆ ಒರಗಿ ಕೂರಲು ಪರದೆಯನ್ನು ತುಸು ಹಿಂದಕ್ಕೆ ಬಾಗಿಸಬೇಕು. ಮೊದಲ ದಿನ ನಾನು ಇದನ್ನು ಅಲಕ್ಷಿಸಿದ್ದರಿಂದ ಸಂದಿನಲ್ಲಿ ಕೋಣೆಯ ಬೆಳಕು ನುಸುಳಿ, ಬೂದು ಬಣ್ಣಕ್ಕೆಲ್ಲ ಹಸಿರು ಛಾಯೆ ಬಂದಿತ್ತು.

ಈ ಉಪಕರಣದಿಂದ ನನಗಾದ ಅತಿ ದೊಡ್ಡ ಉಪಕಾರ ಬಣ್ಣದ್ದಲ್ಲ, ಹೊಳಪಿನದು. ನನ್ನ ಮಾನಿಟರಿನ ಬಿಳಿ ಚದರ ಮೀಟರಿಗೆ ಸುಮಾರು 280 ಕ್ಯಾಂಡೆಲಾ ಹೊಳಪಿನಲ್ಲಿ ಉರಿಯುತ್ತಿತ್ತು. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದ ಬೆಳಕನ್ನಷ್ಟೇ ಅದು ಮರಳಿಸುತ್ತದೆ. ಹಾಗಾಗಿ ಮುದ್ರಣಕ್ಕೆ ಕೆಲಸ ಮಾಡುವವರು ಸಾಮಾನ್ಯವಾಗಿ ಪರದೆಯನ್ನು 80ರಿಂದ 120ರ ನಡುವೆ ಇಟ್ಟುಕೊಳ್ಳುತ್ತಾರೆ. ನಾನು ಹೊಳಪನ್ನು 100ಕ್ಕೆ ಇಳಿಸಿ, ಬಿಳಿಯ ಛಾಯೆಯನ್ನು ಹಗಲಿನ ಬೆಳಕಿಗೆ ಹತ್ತಿರದ 6500 ಕೆಲ್ವಿನ್‌ಗೆ, ನಡುವಿನ ಛಾಯೆಗಳು ಎಷ್ಟು ಗಾಢವಾಗಿ ಕಾಣಬೇಕೆಂದು ನಿರ್ಧರಿಸುವ ಗಾಮಾವನ್ನು 2.2ಕ್ಕೆ ನಿಲ್ಲಿಸಿದೆ. ಎರಡು ದಿನ ಪರದೆ ಮಂಕಾಗಿದೆ ಅನಿಸಿತು, ಆಮೇಲೆ ಕಣ್ಣು ಒಗ್ಗಿತು. ಅಜ್ಜಿಯ ಚಿತ್ರವನ್ನು ತೆರೆದರೆ, ಕಂಬಳಿಯ ಮಡಿಕೆಗಳು ಪರದೆಯ ಮೇಲೆಯೂ ಕತ್ತಲಲ್ಲಿ ಮುಳುಗಿದ್ದವು! ಕಾಗದ ಮೊದಲಿನಿಂದಲೂ ಹೇಳುತ್ತಿದ್ದುದು ಇದನ್ನೇ. ನೆರಳಿನ ಭಾಗದ ಹೊಳಪನ್ನಷ್ಟೇ ಹೆಚ್ಚಿಸಿ ನಾಲ್ಕನೆಯ ಬಾರಿ ಮುದ್ರಿಸಿದಾಗ ಮಡಿಕೆಗಳು ಬಂದವು, ಉಣ್ಣೆಯ ಎಳೆಗಳೂ ಬಂದವು.

ತಂತ್ರಾಂಶದ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯ ಹೊಳಪನ್ನು ತಾನಾಗಿ ಬದಲಿಸುವ ಆಯ್ಕೆಯನ್ನು ಅದು ಮೊದಲೇ ಚಾಲೂ ಮಾಡಿಟ್ಟಿರುತ್ತದೆ. ಬೆಳಗ್ಗೆ ತಿದ್ದಿದ ಚಿತ್ರ ಸಂಜೆಗೆ ಬೇರೆಯಾಗಿ ಕಾಣುವುದು ಯಾರಿಗೆ ಬೇಕು? ಅದನ್ನು ಮೊದಲು ನಿಲ್ಲಿಸಿಬಿಡಿ. ಪರದೆಯ ಹಿಂದಿನ ಬೆಳಕು (ಬ್ಯಾಕ್‌ಲೈಟ್) ಯಾವ ಬಗೆಯದೆಂದು ಕೇಳುವ ಪ್ರಶ್ನೆಗೂ ಅಂದಾಜಿನ ಉತ್ತರ ಕೊಡಬಾರದು: ಕಲರಿಮೀಟರ್ ಫಿಲ್ಟರುಗಳ ಮೂಲಕ ಅಳೆಯುವುದರಿಂದ ಬ್ಯಾಕ್‌ಲೈಟಿನ ಬಗೆ ತಪ್ಪಾದರೆ ಬಿಳಿಯೇ ತಪ್ಪುತ್ತದೆ. ಕೊನೆಯ ಪುಟದಲ್ಲಿ ಬಣ್ಣದ ವ್ಯತ್ಯಾಸವನ್ನು ಹೇಳುವ ಡೆಲ್ಟಾ ಇ ಅಂಕಿಗಳು ಒಂದಕ್ಕಿಂತ ಕಡಿಮೆ ಬಂದರೆ ಹಿಗ್ಗುವಂತಿಲ್ಲ. ಅಳೆದ ಉಪಕರಣವೇ ತನ್ನ ಅಳತೆಯನ್ನು ಪರೀಕ್ಷಿಸಿ ಕೊಟ್ಟ ಅಂಕಿ ಅದು. ಉಪಕರಣವೇ ತಪ್ಪಾಗಿ ಅಳೆಯುತ್ತಿದ್ದರೆ ಆ ತಪ್ಪು ಅಲ್ಲಿ ಕಾಣುವುದಿಲ್ಲ.

ಕೆನ್ನೆಯ ಕೆಂಪು ನಾಲ್ಕನೆಯ ಮುದ್ರಣದಲ್ಲೂ ಹೋಗಲಿಲ್ಲ. ಇದು ಉಪಕರಣದ ವ್ಯಾಪ್ತಿಯ ಹೊರಗಿನ ದೋಷವಾಗಿತ್ತು: ಚಿತ್ರ ತಿದ್ದುವ ತಂತ್ರಾಂಶವೂ ಪ್ರಿಂಟರಿನ ಡ್ರೈವರೂ ಎರಡೂ ಬಣ್ಣ ನಿರ್ವಹಣೆಯನ್ನು ಕೈಗೆತ್ತಿಕೊಂಡು, ಒಮ್ಮೆ ತಿದ್ದಿದ್ದನ್ನು ಮತ್ತೊಮ್ಮೆ ತಿದ್ದುತ್ತಿದ್ದವು. ಡ್ರೈವರಿನಲ್ಲಿ ಅದನ್ನು ನಿಲ್ಲಿಸಿ, ಕಾಗದಕ್ಕೆ ಸರಿಹೊಂದುವ ಪ್ರೊಫೈಲನ್ನು ಆರಿಸಿದ ಮೇಲೆ ಕೆಂಪು ಇಳಿಯಿತು. ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದದ ಕಪ್ಪು ಪರದೆಯ ಕಪ್ಪಿನಷ್ಟು ಆಳವಾಗಿ ಎಂದೂ ಬಾರದು. ಎಷ್ಟು ಕಳೆದುಕೊಳ್ಳುತ್ತೇವೆಂಬುದನ್ನು, ಮುದ್ರಣ ಹೇಗೆ ಬಂದೀತೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್‌ನಲ್ಲಿ ಮೊದಲೇ ನೋಡಿಕೊಳ್ಳಬೇಕು. ಮುದ್ರಣವನ್ನು ಯಾವ ಬೆಳಕಿನಲ್ಲಿ ನೋಡುತ್ತೇವೆಂಬುದೂ ಅಷ್ಟೇ ಮುಖ್ಯ. ಐಎಸ್‌ಒ 3664 ಮಾನದಂಡ ಇದಕ್ಕೆ 5000 ಕೆಲ್ವಿನ್ ಆಸುಪಾಸಿನ ಡಿ50 ಬೆಳಕನ್ನು ಹೇಳುತ್ತದೆ. ಹಳದಿ ದೀಪದಡಿ ಹಿಡಿದು ಹೋಲಿಸಿದರೆ ಎಂಥ ಅಳತೆಯೂ ಸೋಲುತ್ತದೆ.

ಚಿತ್ರಗಳನ್ನು ಪರದೆಯಲ್ಲಷ್ಟೇ ನೋಡುವವರಿಗೆ ಇದು ಅನಿವಾರ್ಯವಲ್ಲ. ಮುದ್ರಿಸುವವರು ಹೊಸ ಪ್ರಿಂಟರಿಗೆ ಮುನ್ನ ಇದನ್ನೇ ಕೊಳ್ಳಲಿ ಎನ್ನುತ್ತೇನೆ. ನಾನು ತಿಂಗಳಿಗೊಮ್ಮೆ ಅಳೆಯುತ್ತೇನೆ; ಈ ಸಲ 100ರ ಬದಲು 94 ತೋರಿಸಿತು, ಮಾನಿಟರಿನ ಗುಂಡಿಯನ್ನು ಎರಡು ಬಾರಿ ಒತ್ತಿ ಹೊಳಪನ್ನು ಮತ್ತೆ ಜಾಗಕ್ಕೆ ತಂದೆ.