ಬೂಡ್ವಾರ್ ಫೋಟೊ: ಸ್ಟುಡಿಯೊ, ಮನೆ, ಇಲ್ಲಾ ನಿಮ್ಮದೇ ಫೋನ್?

ಬೂಡ್ವಾರ್ ಫೋಟೊ ಅಂದರೆ ಒಳ ಉಡುಪಿನಲ್ಲೋ, ಮೈಗೆ ಸಡಿಲವಾಗಿ ಸುತ್ತಿದ ಬಟ್ಟೆಯಲ್ಲೋ ಹೆಣ್ಣೊಬ್ಬಳು ತನಗಾಗಿ ತೆಗೆಸಿಕೊಳ್ಳುವ ಖಾಸಗಿ ಭಾವಚಿತ್ರ. ನಾನು ಮೂರು ಬಗೆಯಲ್ಲಿ ತೆಗೆಸಿಕೊಂಡು ನೋಡಿದ್ದೇನೆ: ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ, ಮನೆಗೇ ಫೋಟೊಗ್ರಾಫರ್ ಕರೆಸಿ, ಮತ್ತು ಒಬ್ಬಳೇ ಫೋನ್ ಇಟ್ಟುಕೊಂಡು. ನೋಡಿದವರು ಮೆಚ್ಚುವ ಫೋಟೊ ಸಿಕ್ಕಿದ್ದು ಸ್ಟುಡಿಯೊದಲ್ಲಿ. ನನ್ನ ಮೈ ಬಗ್ಗೆ ನನಗಿದ್ದ ಹಿಂಜರಿಕೆ ಕಡಿಮೆಯಾಗಿದ್ದು ಉಳಿದೆರಡರಲ್ಲಿ.

ಸ್ಟುಡಿಯೊದಲ್ಲಿ ಎಲ್ಲ ಸಿದ್ಧವಾಗಿರುತ್ತದೆ. ಮೇಕಪ್, ಹಾಸಿಗೆ, ಪರದೆ, ಬೆಳಕನ್ನು ಮೆದುವಾಗಿ ಹರಡುವ ದೊಡ್ಡ ಸಾಫ್ಟ್‌ಬಾಕ್ಸ್ ದೀಪಗಳು. ಗಲ್ಲ ಸ್ವಲ್ಪ ಮುಂದೆ, ಭುಜ ಕೆಳಗೆ, ಬೆನ್ನು ಬಿಲ್ಲಿನಂತೆ ಅಂತ ಹೇಳಿಕೊಡುತ್ತಾರೆ. ಪೋಸ್ ಕೊಡುವುದು ಕಲಿಯುವ ವಿದ್ಯೆ ಅಂತ ಗೊತ್ತಾಗಿದ್ದೇ ಅಲ್ಲಿ. ಆದರೆ ಕೈಗೆ ಬಂದ ಫೋಟೊಗಳಲ್ಲಿ ನನ್ನ ಸಿಸೇರಿಯನ್ ಗುರುತೇ ಇರಲಿಲ್ಲ. ಹೊಟ್ಟೆಯ ಸ್ಟ್ರೆಚ್ ಮಾರ್ಕ್‌ಗಳೂ ಇಲ್ಲ. ನನ್ನನ್ನು ಕೇಳದೆಯೇ ಅಳಿಸಿದ್ದರು. ಯಾವುದನ್ನು ಒಪ್ಪಿಕೊಳ್ಳಬೇಕು ಅಂತ ಅಲ್ಲಿಗೆ ಹೋಗಿದ್ದೆನೋ, ಅದನ್ನೇ ದೋಷ ಅಂತ ತೆಗೆದುಹಾಕಿದ್ದು ನನಗೆ ತುಂಬಾ ನೋವು ಕೊಟ್ಟಿತು. ಸ್ಟುಡಿಯೊಗೆ ಹೋಗುವವರು ರೀಟಚ್ ಮಾಡದ ಪ್ರತಿಯೂ ಬೇಕು ಅಂತ ಮೊದಲೇ ಹೇಳಿ.

ಮನೆಯ ಶೂಟ್ ಬೇರೆಯೇ ಅನುಭವ. ಬಂದವರು ಮಹಿಳಾ ಫೋಟೊಗ್ರಾಫರ್. ಮೊದಲು ಕ್ಯಾಮೆರಾ ತೆಗೆಯಲೇ ಇಲ್ಲ, ಕಾಫಿ ಕುಡಿಯುತ್ತಾ ಏನು ತೋರಿಸಬೇಕು, ಏನು ಬೇಡ ಅಂತ ಕೇಳಿದರು. ಬೆಳಗಿನ ಹೊತ್ತು, ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿದರು. ಬಿಸಿಲು ಅದರಲ್ಲಿ ಸೋಸಿ ಬಂದಾಗ ನೆರಳು ಮೆದುವಾಗುತ್ತದೆ. ಬೆಳಕು ಒಂದೇ ಪಕ್ಕದಿಂದ ಬೀಳುವುದರಿಂದ ಮೈಯ ಏರಿಳಿತ ಕಾಣುತ್ತದೆ, ಚಪ್ಪಟೆ ಅನ್ನಿಸುವುದಿಲ್ಲ. ನಾನು ಉಟ್ಟಿದ್ದು ಅಮ್ಮನ ಹಳೇ ಇಳಕಲ್ ಸೀರೆ, ರವಿಕೆ ಇಲ್ಲದೆ. ನಡುನಡುವೆ ಕ್ಯಾಮೆರಾದ ಹಿಂದಿನ ಪರದೆ ತೋರಿಸುತ್ತಿದ್ದರು. ಬೇಡ ಅಂದಿದ್ದನ್ನು ನನ್ನೆದುರೇ ಅಳಿಸಿದರು. ಸಿಸೇರಿಯನ್ ಗುರುತು ಕಾಣುವ ಒಂದು ಫೋಟೊ ಇರಲಿ ಅಂತ ಹೇಳಿದ್ದು ನಾನೇ. ಅದು ಈಗ ನನ್ನ ಬೀರುವಿನ ಒಳಬಾಗಿಲಿಗೆ ಅಂಟಿಸಿದೆ. ದಿನಾ ನೋಡುತ್ತೇನೆ, ಈಗ ಆ ಗೆರೆ ಕಣ್ಣಿಗೆ ಚುಚ್ಚುವುದಿಲ್ಲ.

ಹೀಗೆ ನಿರ್ಧಾರ ಹೆಣ್ಣಿನ ಕೈಯಲ್ಲಿರುವುದು ಹೊಸದೇನಲ್ಲ. 1856ರಿಂದ ಪ್ಯಾರಿಸ್ಸಿನಲ್ಲಿ ಪಿಯರ್ಸನ್ ಎಂಬ ಫೋಟೊಗ್ರಾಫರ್‌ನಿಂದ ಇಟಲಿಯ ಶ್ರೀಮಂತ ಮನೆತನದ ಹೆಣ್ಣು, ಕಾಸ್ಟಿಲಿಯೋನೆಯ ಕೌಂಟೆಸ್, ನೂರಾರು ಭಾವಚಿತ್ರ ತೆಗೆಸಿಕೊಂಡಳು. ಉಡುಪು, ಭಂಗಿ, ಕ್ಯಾಮೆರಾ ಕೋನ ಎಲ್ಲಾ ಅವಳೇ ಹೇಳಿ ಮಾಡಿಸಿದ್ದು. ಬರಿಗಾಲಿನ ಚಿತ್ರಗಳನ್ನೂ ತೆಗೆಸಿದ್ದಳು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ.

ಫೋನ್ ವಿಷಯಕ್ಕೆ ಬಂದರೆ, ಖರ್ಚಿಲ್ಲ, ನಾಚಿಕೆಯೂ ಇಲ್ಲ. ಕೋಣೆಯಲ್ಲಿ ಬೇರೆ ಯಾರೂ ಇಲ್ವಲ್ಲ. ಆದರೆ ಕೈಯಲ್ಲಿ ಹಿಡಿದು ಸೆಲ್ಫಿ ತೆಗೆಯಬೇಡಿ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ದಪ್ಪಗೆ, ಕಿವಿ ಚಿಕ್ಕದಾಗಿ ಕಾಣುತ್ತದೆ. ಅದು ನಿಮ್ಮ ಮುಖದ ತಪ್ಪಲ್ಲ, ದೂರದ ಲೆಕ್ಕ. ಫೋನನ್ನು ಟ್ರೈಪಾಡ್ ಮೇಲೆ ಎರಡು ಮೀಟರ್ ದೂರ ಇಡಿ, 10 ಸೆಕೆಂಡ್ ಟೈಮರ್ ಹಾಕಿ, ಹಿಂದಿನ ಕ್ಯಾಮೆರಾ ಬಳಸಿ.

ಮೊದಲ ಫೋಟೊಗಳು ವಿಚಿತ್ರ ಅನ್ನಿಸುತ್ತವೆ. ಕಾರಣ ಇದೆ. ನಾವು ನಮ್ಮ ಮುಖವನ್ನು ಜಾಸ್ತಿ ನೋಡಿರುವುದು ಕನ್ನಡಿಯಲ್ಲಿ, ಎಡ ಬಲ ಅದಲು ಬದಲಾಗಿ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದಾಗ ಹೆಚ್ಚಿನ ಹೆಣ್ಣುಮಕ್ಕಳು ಕನ್ನಡಿಯ ಬಿಂಬವನ್ನೇ ಇಷ್ಟಪಟ್ಟರು, ಅವರ ಗೆಳೆಯರಿಗೆ ಅದಲು ಬದಲಾಗದ ನೇರ ಚಿತ್ರ ಹಿಡಿಸಿತು. ಅಂದರೆ ನಮಗೆ ಸರಿ ಇಲ್ಲ ಅನ್ನಿಸುವ ಮುಖ ನಮ್ಮವರಿಗೆ ಪ್ರೀತಿಯ ಮುಖ. ಹಾಗಾಗಿ ತೆಗೆದ ದಿನವೇ ಅಳಿಸಬೇಡಿ, ಕೆಲವು ದಿನ ಬಿಟ್ಟು ನೋಡಿ.

ಮೈ ತೋರಿಸಲು ಈಗಷ್ಟೇ ಮನಸ್ಸು ಮಾಡುತ್ತಿರುವವರಿಗೆ ಫೋನ್ ಒಳ್ಳೆಯದು. ಅದು ರೂಢಿಯಾದ ಮೇಲೆ ಮನೆಯ ಶೂಟ್. ಸಿಂಗಾರ ಮಾಡಿಸಿಕೊಂಡು ಒಂದು ದಿನ ಮೆರೆಯಬೇಕು ಅನ್ನುವವರಿಗೆ ಸ್ಟುಡಿಯೊ, ಆ ಆಸೆಯೂ ಒಳ್ಳೆಯದೇ.

ಯಾವುದನ್ನೇ ಆರಿಸಿ, ಫೋಟೊ ಎಲ್ಲಿರುತ್ತದೆ ಅಂತ ತಿಳಿದುಕೊಳ್ಳಿ. ಫೋನ್‌ನಲ್ಲಿ ತೆಗೆಯುವಾಗ ತಾನಾಗಿಯೇ ಕ್ಲೌಡ್‌ಗೆ ಹೋಗುವುದನ್ನು ನಿಲ್ಲಿಸಿ. ಒಪ್ಪಿಗೆ ಇಲ್ಲದೆ ಯಾರದಾದರೂ ಖಾಸಗಿ ಅಂಗದ ಚಿತ್ರ ತೆಗೆದರೆ ಅಥವಾ ಹಂಚಿದರೆ ಐಟಿ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು. ಸೈಬರ್ ಸಹಾಯವಾಣಿ 1930. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಆಗಿರದಿದ್ದರೆ. ಆ ಬೇರೆ ಒಪ್ಪಂದ ಬುಕಿಂಗ್ ಫಾರಂನ ಸಣ್ಣ ಅಕ್ಷರದಲ್ಲಿ ಇರಬಹುದು. ಅದನ್ನು ಓದಿ, ಪ್ರಚಾರಕ್ಕೆ ಬಳಸಬಾರದು ಅಂತ ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡಿ.