ಗೋವಾದಲ್ಲಿ ‘ಸನ್‌ಸೆಟ್ ಯಾಟ್’ ಮಾತಾಡುವ ಕೊಡಗಿನವರ ಗಮನಕ್ಕೆ: ಬೋಟಿನ ನಂಬರ್ ಸಿಗದೆ ಅಡ್ವಾನ್ಸ್ ಹಾಕಬೇಡಿ

ಡಿಸೆಂಬರ್ ಕೊನೆಯ ವಾರ. ವಿರಾಜಪೇಟೆ ಕಡೆಯ ಹದಿನಾಲ್ಕು ಜನರ ಕುಟುಂಬ. ಅದರಲ್ಲಿ ಮೂವರು ಮಕ್ಕಳು, ಮಂಡಿನೋವಿನ ಅಜ್ಜಿ ಒಬ್ಬರು. ಮನೆಯ ಹಿರಿಯರ ಮದುವೆಗೆ ಐವತ್ತು ವರ್ಷ ತುಂಬಿದ ಲೆಕ್ಕದಲ್ಲಿ ಗೋವಾದಲ್ಲಿ ಎರಡು ಗಂಟೆಗೆ ಪ್ರೈವೇಟ್ ಯಾಟ್ (ವಿಹಾರದ ಬೋಟು) ಮಾತಾಡಿದ್ದರು. ಬಾಡಿಗೆ 42,000 ರೂಪಾಯಿ, ಅರ್ಧ ಹಣ ಮೊದಲೇ ಕ್ಯೂಆರ್ ಕೋಡಿಗೆ. ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿದ್ದದ್ದು 50 ಅಡಿಯ ಬಿಳಿ ಯಾಟ್. ಜೆಟ್ಟಿಗೆ ಬಂದದ್ದು 30 ಅಡಿಯೂ ಇಲ್ಲದ, ಸೀಟಿನ ರೆಕ್ಸಿನ್ ಹರಿದ ಬೋಟು. ಇವರಿಗೆ 4.45ಕ್ಕೆ ಬರಹೇಳಿದ್ದರು, ಬೋಟು ಹಿಂದಿನ ಟ್ರಿಪ್ ಮುಗಿಸಿ ದಡ ಮುಟ್ಟಿದಾಗ 5.30. ಒಳಗೆ ಬರೆದಿದ್ದ ಸಾಮರ್ಥ್ಯ ಹತ್ತು ಜನ. ‘ನಾಲ್ಕು ಜನ ಇಲ್ಲೇ ಇರಿ, ಇಲ್ಲಾಂದ್ರೆ ಇನ್ನೊಂದು ಬೋಟಿಗೆ 15,000 ಕೊಡಿ’ ಎಂದರು. ಅಜ್ಜಿ ಮತ್ತು ಮೂವರು ದಡದಲ್ಲೇ ಉಳಿದರು. ಹೋದವರಿಗೂ ಕಡಲು ಸಿಗಲಿಲ್ಲ. ಬೋಟು ಮಾಂಡವಿ ನದಿಯಲ್ಲೇ ಸುತ್ತಿತು, ಸೂರ್ಯ ಗುಡ್ಡದ ಹಿಂದೆ ಹೋದ, 6.45ಕ್ಕೆ ‘ಟೈಮ್ ಆಯ್ತು’ ಎಂದು ಇಳಿಸಿದರು. ಎರಡು ಗಂಟೆಯನ್ನು ಜೆಟ್ಟಿಗೆ ಬಂದ ಹೊತ್ತಿನಿಂದ ಎಣಿಸಿದ್ದರು.

ಇಲ್ಲಿ ಆದ ನಷ್ಟವೆಲ್ಲ ಫೋನಿನಲ್ಲೇ ಆಗಿಹೋಗಿತ್ತು. ಹಣ ಪಡೆದ ಏಜೆಂಟನ ಬಳಿ ಬೋಟೇ ಇರಲಿಲ್ಲ. ಅವನ ಬಳಿ ಇದ್ದದ್ದು ನಾಲ್ಕೈದು ಬೋಟಿನವರ ನಂಬರ್ ಮತ್ತು ಎಲ್ಲಿಂದಲೋ ಎತ್ತಿಕೊಂಡ ಫೋಟೋಗಳು. ಗಿರಾಕಿಯಿಂದ ಹಣ ಹಿಡಿದ ಮೇಲೆ, ಆ ದಿನ ಯಾವ ಬೋಟು ಅಗ್ಗಕ್ಕೆ ಸಿಗುತ್ತದೋ ಅದನ್ನು ತಂದು ನಿಲ್ಲಿಸುವುದು ಈ ದಂಧೆಯ ಕ್ರಮ. ಅವನು ಕನ್ನಡದಲ್ಲೇ ಮಾತಾಡಿದ ಎಂಬುದೂ ನಂಬಿಕೆಗೆ ಒಂದು ಕಾರಣವಾಗಿತ್ತು. ಗೋವಾದಲ್ಲಿ ಕನ್ನಡ ಮಾತಾಡುವವರಿಗೆ ಬರವಿಲ್ಲ. ಭಾಷೆ ಒಂದು ರಸೀದಿಯಲ್ಲ.

ಆದ್ದರಿಂದ ದುಡ್ಡು ಹಾಕುವ ಮೊದಲು ಈ ಒಂದು ಮೆಸೇಜ್ ಕಳಿಸಿ: ‘ಬೋಟಿನ ಹೆಸರು, ನೋಂದಣಿ ಸಂಖ್ಯೆ, ಸರ್ವೆ ಸರ್ಟಿಫಿಕೇಟಿನ ಫೋಟೋ, ವಿಮೆಯ ಫೋಟೋ ಕಳಿಸಿ. ಜೆಟ್ಟಿಯಲ್ಲಿ ನಿಂತು ವಿಡಿಯೋ ಕಾಲ್‌ನಲ್ಲಿ ಅದೇ ಬೋಟು ತೋರಿಸಿ.’ ಬೋಟು ನಿಜವಾಗಿ ಇರುವವನಿಗೆ ಇದು ಹತ್ತು ನಿಮಿಷದ ಕೆಲಸ. ಇಲ್ಲದವನು ‘ಸರ್, ಟೆನ್ಶನ್ ಬೇಡ, ನಮ್ಮದು ಹತ್ತು ಬೋಟ್ ಇದೆ’ ಅನ್ನುತ್ತಾನೆ. ಮಾತು ಅಲ್ಲಿಗೇ ಮುಗಿಸಿ.

ಸರ್ವೆ ಸರ್ಟಿಫಿಕೇಟ್, ಅಂದರೆ ಬೋಟನ್ನು ತಪಾಸಣೆ ಮಾಡಿ ಕೊಟ್ಟ ಪ್ರಮಾಣಪತ್ರ, ಬಂದರೆ ನಾಲ್ಕು ವಿಷಯ ಓದಿ. ಮೊದಲನೆಯದು ಅವಧಿ, ಮುಗಿದಿದೆಯೋ ಇಲ್ಲವೋ. ಎರಡನೆಯದು ಪ್ರಯಾಣಿಕರ ಸಂಖ್ಯೆ. ಏಜೆಂಟ್ ‘ಹದಿನೈದು ಜನ ಆರಾಮಾಗಿ ಹಿಡಿಯುತ್ತೆ’ ಎಂದದ್ದಕ್ಕೆ ಬೆಲೆಯಿಲ್ಲ, ಕಾಗದದಲ್ಲಿ ಇದ್ದಷ್ಟೇ. ಮಕ್ಕಳೂ ತಲೆಲೆಕ್ಕಕ್ಕೆ ಸೇರುತ್ತಾರೆ ಎಂದೇ ಹಿಡಿಯಿರಿ. ನಡೆಸುವವರನ್ನು ಬಿಟ್ಟು ಎಷ್ಟು, ಸೇರಿಸಿ ಎಷ್ಟು ಎಂಬುದನ್ನೂ ಬಿಡಿಸಿ ಕೇಳಿ. ಮೂರನೆಯದು ಬೋಟಿನ ಹೆಸರು ಜಾಹೀರಾತಿನ ಹೆಸರಿಗೆ ತಾಳೆಯಾಗುತ್ತದೆಯೇ ಎಂಬುದು. ನಾಲ್ಕನೆಯದು, ಎಲ್ಲಕ್ಕಿಂತ ಹೆಚ್ಚು ಜನ ಬಿಟ್ಟುಬಿಡುವುದು, ಓಡಾಡಲು ಅನುಮತಿಯಿರುವ ಪ್ರದೇಶ. 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿಯಾದ ಬೋಟು ನದಿ, ಹಿನ್ನೀರು, ಅಳಿವೆಯೊಳಗಿನ (ನದಿ ಕಡಲು ಸೇರುವ ಬಾಯಿಯೊಳಗಿನ) ನೀರಿಗೆ ಸೇರಿದ್ದು. ತೆರೆದ ಕಡಲಿಗೆ ಬೇರೆ ಕಾಗದ ಬೇಕು. ‘ಸೀ ಕ್ರೂಸ್’ ಎಂದು ಮಾರಿದ ಬೋಟಿಗೆ ನದಿಯ ಕಾಗದ ಮಾತ್ರ ಇದ್ದರೆ ಆಗುವುದು ಎರಡೇ: ಒಂದೋ ನಿಮ್ಮನ್ನು ನದಿಯಲ್ಲೇ ಸುತ್ತಿಸುತ್ತಾರೆ, ಇಲ್ಲವೇ ಕಾಗದ ಮೀರಿ ಹೊರಗೆ ಒಯ್ಯುತ್ತಾರೆ. ಮೊದಲನೆಯದರಲ್ಲಿ ಹೋಗುವುದು ದುಡ್ಡು. ಎರಡನೆಯದರಲ್ಲಿ ಏನಾದರೂ ಆದರೆ ವಿಮೆ ಕಂಪನಿ ಕೈಚೆಲ್ಲಲು ಒಳ್ಳೆಯ ಕಾರಣ ಸಿಕ್ಕಂತೆ. ಅನುಮಾನ ಬಂದರೆ ಗೋವಾದಲ್ಲಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ, ಕೇರಳದಲ್ಲಿ ಮತ್ತು ನಮ್ಮ ರಾಜ್ಯದಲ್ಲಿ ಆಯಾ ಮಾರಿಟೈಮ್ ಬೋರ್ಡ್ ವಿಚಾರಿಸುವ ಜಾಗ.

ಕಾಗದದ ಮಾತು ಹೆಚ್ಚಾಯಿತು ಎನ್ನುವವರು 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ನಡೆದದ್ದನ್ನು ನೆನೆಯಬೇಕು. ಮೀನುಗಾರಿಕೆ ಬೋಟನ್ನು ಪ್ರವಾಸಿ ಬೋಟಾಗಿ ಮಾರ್ಪಡಿಸಿ, ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿ, ಹೊತ್ತು ಮುಳುಗಿದ ಮೇಲೂ ಓಡಿಸಿದ್ದರು. 22 ಜನ ಸತ್ತರು, ಅದರಲ್ಲಿ ಮಕ್ಕಳೇ ಬಹಳ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ಬೋಟು ಮಗುಚಿ 16 ಜನ ಹೋದರು.

ಇನ್ನು ಹೊತ್ತಿನ ಲೆಕ್ಕ. ಗೋವಾದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು 6.10ಕ್ಕೆ, ಮೇ ತಿಂಗಳಲ್ಲಿ ಏಳು ಗಂಟೆ ಹತ್ತಿರ. ಏಜೆಂಟರು ವರ್ಷವಿಡೀ ‘ಐದೂವರೆಯಿಂದ ಏಳೂವರೆ ಸನ್‌ಸೆಟ್ ಸ್ಲಾಟ್’ ಎಂದು ಒಂದೇ ಮಾತು ಮಾರುತ್ತಾರೆ. ಡಿಸೆಂಬರಿನಲ್ಲಿ ಅದು ತಪ್ಪು: ಜೆಟ್ಟಿ ಬಿಟ್ಟು ಅಳಿವೆ ತಲುಪಲು ಅರ್ಧ ಮುಕ್ಕಾಲು ಗಂಟೆ ಹಿಡಿದರೆ ಅಷ್ಟರಲ್ಲಿ ಸೂರ್ಯನಿಲ್ಲ. ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಇಪ್ಪತ್ತು ನಿಮಿಷ ಮೊದಲು ಬೋಟು ಜಾಗದಲ್ಲಿ ನಿಂತಿರಬೇಕು, ಅದಕ್ಕೂ ಮುಕ್ಕಾಲು ಗಂಟೆ ಮೊದಲು ಹಗ್ಗ ಬಿಚ್ಚಿರಬೇಕು. ಅಂದರೆ ಡಿಸೆಂಬರಿಗೆ 5ರಿಂದ 7, ಮೇಗೆ 5.45ರಿಂದ 7.45. ಮುಳುಗಿದ ಮೇಲೆ ಬೆಳಕು ಉಳಿಯುವುದು ಇಪ್ಪತ್ತು ಇಪ್ಪತ್ತೈದು ನಿಮಿಷ. ‘ಸಮಯ ಜೆಟ್ಟಿಯಿಂದ ಹಗ್ಗ ಬಿಚ್ಚಿದ ಕ್ಷಣದಿಂದ’ ಎಂದು ಬರಹದಲ್ಲಿ ಪಡೆಯಿರಿ. ನಿಮಗಿಂತ ಮುಂಚಿನ ಗಿರಾಕಿಗಳ ಟ್ರಿಪ್ ಎಷ್ಟಕ್ಕೆ ಮುಗಿಯುತ್ತದೆ ಎಂದೂ ಕೇಳಿ. ಎರಡರ ನಡುವೆ ಅರ್ಧ ಗಂಟೆ ಬಿಡುವು ಇಲ್ಲದಿದ್ದರೆ ಆ ತಡ ಬಂದು ಬೀಳುವುದು ನಿಮ್ಮ ಸೂರ್ಯಾಸ್ತದ ಮೇಲೆ.

ದಿಕ್ಕಿನ ವಿಷಯವನ್ನು ಯಾರೂ ಹೇಳುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ. ಅಲ್ಲಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಪಣಜಿ ಮುಂದಿನ ಮಾಂಡವಿಯಲ್ಲಿ ನಿಂತು ನೋಡಿದರೆ ಆ ದಿಕ್ಕಿನಲ್ಲಿರುವುದು ಮೀರಾಮಾರ್, ದೋನಾ ಪಾವ್ಲಾ ಕಡೆಯ ನೆಲ ಮತ್ತು ಗುಡ್ಡ, ಕಡಲಲ್ಲ. ನೀರಿನ ಅಂಚಿಗೆ ಸೂರ್ಯ ಇಳಿಯುವುದನ್ನು ನೋಡಬೇಕಾದರೆ ಅಳಿವೆಯ ಕಡೆ ಸಾಕಷ್ಟು ಮುಂದೆ ಹೋಗಲೇಬೇಕು. ಕೊಚ್ಚಿಯಲ್ಲೂ ಮರೀನ್ ಡ್ರೈವ್ ಮುಂದೆ ಸುತ್ತಿದರೆ ಸಾಲದು, ಫೋರ್ಟ್ ಕೊಚ್ಚಿ ಮತ್ತು ವೈಪಿನ್ ನಡುವಿನ ಬಾಯಿಯವರೆಗೆ ಬರಬೇಕು. ಮ್ಯಾಪಿನಲ್ಲಿ ಜೆಟ್ಟಿ ಗುರುತು ಹಾಕಿಸಿ, ಬೋಟು ಎಲ್ಲಿಯವರೆಗೆ ಹೋಗುತ್ತದೆ ಎಂದು ಅದೇ ಮ್ಯಾಪಿನಲ್ಲಿ ಚುಕ್ಕಿ ಇಡಿಸಿಕೊಳ್ಳಿ.

ಆದರೆ ಅಳಿವೆ ಬಾಗಿಲು ಎಂದರೆ ಆಟದ ಜಾಗವಲ್ಲ. ಈ ಕರಾವಳಿಯಲ್ಲಿ ಬೇಸಗೆಯ ತಿಂಗಳುಗಳಲ್ಲಿ ಬೆಳಿಗ್ಗೆ ಕಡಲು ಶಾಂತ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಎದ್ದು ಸಂಜೆ ಹೊತ್ತಿಗೆ ಬಲಿಯುತ್ತದೆ. ಹೊರಗಿನಿಂದ ಅಲೆ ಒಳಗೆ ನುಗ್ಗುವಾಗ ಇಳಿತದ ನೀರು ನದಿಯಿಂದ ಹೊರಗೆ ಹರಿಯುತ್ತಿದ್ದರೆ ಎರಡೂ ಮುಖಾಮುಖಿಯಾಗಿ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ನಿಲ್ಲುತ್ತವೆ. ಅದೇ ಗಾಳಿ, ಅದೇ ಬೋಟು, ಉಬ್ಬರದ ಹೊತ್ತಿನಲ್ಲಿ ಎಷ್ಟೋ ಸಲೀಸು. ಹೋಗುವ ದಿನದ ಉಬ್ಬರವಿಳಿತದ ಪಟ್ಟಿ ನೋಡಿಯೇ ದಿನ ಆರಿಸಿದರೆ ಒಳ್ಳೆಯದು. ಅಲೆ, ಗಾಳಿಯ ಮುನ್ಸೂಚನೆ ಹೈದರಾಬಾದಿನ ಇನ್‌ಕಾಯಿಸ್ (INCOIS) ಎಂಬ ಸರ್ಕಾರಿ ಸಾಗರ ಮಾಹಿತಿ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಅಲೆ ಒಂದು ಮೀಟರ್ ಒಳಗೆ, ಗಾಳಿ 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಆಸುಪಾಸು ಇದ್ದರೆ ಹೋಗಬಹುದು. ಗಾಳಿ 15 ನಾಟ್ ದಾಟಿ ಕಡಲ ತುಂಬ ಬಿಳಿ ನೊರೆ ಕಂಡರೆ ವಯಸ್ಸಾದವರನ್ನು, ಮಕ್ಕಳನ್ನು ಕರೆದೊಯ್ಯಬೇಡಿ. ಅಲೆಯ ಎತ್ತರದ ಜೊತೆ ಅಂತರವನ್ನೂ ನೋಡಿ: ಒಂದು ಮೀಟರ್ ಅಲೆ ಹನ್ನೆರಡು ಸೆಕೆಂಡಿಗೊಮ್ಮೆ ಬಂದರೆ ಹೊರಗಿನ ಕಡಲಲ್ಲಿ ತೊಟ್ಟಿಲು ತೂಗಿದಂತೆ, ಐದು ಸೆಕೆಂಡಿಗೊಮ್ಮೆ ಬಂದರೆ ಹೊಟ್ಟೆ ತೊಳಸುವುದು ಖಂಡಿತ.

ನಮ್ಮವರ ಬಿಡುವಿಗೂ ಕಡಲಿನ ಬಿಡುವಿಗೂ ಹೊಂದಿಕೆಯಾಗುವುದು ಕಷ್ಟ. ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತಿಂಗಳು) ತೋಟದ ಕೆಲಸ ಕಡಿಮೆ, ಆದರೆ ಕಡಲು ಮುಚ್ಚಿರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ. ಕೈಲ್‌ಪೊಳ್ದ್ ಹಬ್ಬ ಮುಗಿಸಿ ಸೆಪ್ಟೆಂಬರಿನಲ್ಲಿ ಹೊರಟರೆ ಜಾಹೀರಾತು ಶುರುವಾಗಿರುತ್ತದೆ, ಮಳೆಗಾಲದ ಅಲೆ ಇನ್ನೂ ಇಳಿದಿರುವುದಿಲ್ಲ. ಅಕ್ಟೋಬರ್ ಮಧ್ಯದ ಕಾವೇರಿ ತೀರ್ಥೋದ್ಭವ ಮುಗಿದು, ನವೆಂಬರ್ ಕೊನೆ ಅಥವಾ ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ ಬರುವ ತನಕದ ದಿನಗಳು ವಾಸಿ: ಕಾಫಿ ಕುಯ್ಲು ಬಿರುಸಾಗಿರುವುದಿಲ್ಲ, ಬಾಡಿಗೆಯೂ ಕ್ರಿಸ್ಮಸ್ ವಾರದಷ್ಟು ಏರಿರುವುದಿಲ್ಲ. ಆಗ ಅರಬ್ಬೀ ಸಮುದ್ರದ ಚಂಡಮಾರುತದ ಸುದ್ದಿ, ಕೇರಳದ ಕಡೆ ಸಂಜೆ ಗುಡುಗಿನ ಮಳೆ, ಇವೆರಡರ ಮೇಲೆ ಕಣ್ಣಿರಲಿ.

ಹೋದ ದಿನವೇ ಬೋಟು ಬೇಡ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಸುಮಾರು 140 ಕಿಲೋಮೀಟರ್, ಅಲ್ಲಿಂದ ಪಣಜಿಗೆ ಇನ್ನೂ 360ರ ಮೇಲೆ. ಘಾಟಿಯ ತಿರುವುಗಳಲ್ಲೇ ವಾಂತಿ ಮಾಡುವ ಮಕ್ಕಳನ್ನು ಅದೇ ಸಂಜೆ ಕಡಲಿಗೆ ಒಯ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹತ್ತುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು; ತಲೆ ಸುತ್ತಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಅವೋಮಿನ್‌ನಂಥದ್ದು ನಿದ್ದೆ ಬರಿಸುತ್ತದೆ, ಅದರ ಮೇಲೆ ಮದ್ಯ ಸೇರಿಸಬಾರದು. ಮಧ್ಯಾಹ್ನ ಪಂದಿಕರಿ ಹೊಟ್ಟೆ ತುಂಬ ಹೊಡೆದು ಹತ್ತುವುದೂ ಬೇಡ, ಬರಿ ಹೊಟ್ಟೆಯೂ ಬೇಡ. ಕೂರುವುದು ಬೋಟಿನ ನಡುಭಾಗದಲ್ಲಿ, ಕಣ್ಣು ದಿಗಂತದ ಮೇಲೆ. ಮುಂದಿನ ತುದಿ ಫೋಟೋಕ್ಕೆ ಚಂದ, ಅಲ್ಲೇ ಕುಲುಕಾಟ ಜಾಸ್ತಿ. ಎಂಜಿನ್ನಿನ ಹೊಗೆ ಬರುವ ಹಿಂಭಾಗ ಇನ್ನೂ ಕೆಟ್ಟದ್ದು.

ಲೈಫ್ ಜಾಕೆಟ್ ವಿಷಯದಲ್ಲಿ ಕೊಡಗಿನವರಿಗೆ ಒಂದು ಸಸಾರವಿದೆ: ದುಬಾರೆಯಲ್ಲಿ, ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಿಲ್ಲವೇ ಎಂದು. ಹೊಳೆಯಲ್ಲಿ ಹಾಕುವ ತೆಳು ಜಾಕೆಟ್ಟುಗಳು ಹೆಚ್ಚಾಗಿ ಎಚ್ಚರವಿದ್ದು ಈಜಬಲ್ಲವನನ್ನು ತೇಲಿಸಲು ಮಾಡಿದವು. ಪ್ರಜ್ಞೆ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸುವುದಕ್ಕೆ ಕತ್ತಿನ ಸುತ್ತ ದಪ್ಪವಿರುವ, 100 ಅಥವಾ 150 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದು ಬರೆದ ಜಾಕೆಟ್ ಬೇಕು. ಹಡಗಿನ ಜಾಕೆಟ್ಟಿನಲ್ಲಿ 43 ಕಿಲೋಗಿಂತ ಕಡಿಮೆ ತೂಕದವರದ್ದು ಮಕ್ಕಳ ಅಳತೆ, 15 ಕಿಲೋಗಿಂತ ಕಡಿಮೆಯಾದರೆ ಶಿಶುವಿನ ಅಳತೆ. ಬುಕ್ ಮಾಡುವಾಗಲೇ ಮಕ್ಕಳ ತೂಕ ಹೇಳಿ ಅಷ್ಟು ಜಾಕೆಟ್ ಇದೆಯೇ ಕೇಳಿ. ಹಾಕಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಏರಿದರೆ ನೀರಿನಲ್ಲಿ ಮಗು ಅದರಿಂದ ಜಾರಿಬಿಡುತ್ತದೆ. ಕಾಲ ಸಂದಿಯಿಂದ ಬಿಗಿಯುವ ಪಟ್ಟಿ ಇದ್ದರೆ ಮಾತ್ರ ಒಪ್ಪಿ.

ಸೀರೆಯುಟ್ಟು ಫೋಟೋ ತೆಗೆಸುವವರಿಗೆ ಇನ್ನೊಂದು. ಕೊಡಗಿನ ಉಡಿಗೆಯಲ್ಲಿ ನೆರಿಗೆ ಹಿಂದಕ್ಕಿರುತ್ತದೆ. ಬೋಟಿನ ಅಂಚಿನಲ್ಲಿ ಹಗ್ಗ ಸುತ್ತುವ ಕಬ್ಬಿಣದ ಕೊಂಬುಗಳು ಅಂಗೈ ಎತ್ತರಕ್ಕೆ ಚಾಚಿರುತ್ತವೆ. ಮುಂದೆ ನೋಡುತ್ತಾ ಹೆಜ್ಜೆ ಹಾಕುವಾಗ ಹಿಂದಿನ ನೆರಿಗೆ ಅದಕ್ಕೆ ಸಿಕ್ಕಿಕೊಂಡದ್ದು ಗೊತ್ತಾಗುವುದೇ ಇಲ್ಲ, ಬೋಟು ಒಮ್ಮೆ ಓಲಿದಾಗ ಗೊತ್ತಾಗುತ್ತದೆ. ಹತ್ತುವಾಗ ಇಳಿಯುವಾಗ ಚೂಡಿದಾರ್ ಇರಲಿ, ಸೀರೆ ದಡದಲ್ಲೇ ಸಾಕು. ಚರ್ಮದ ಸೋಲಿನ ಚಪ್ಪಲಿ, ಹೀಲ್ಸ್ ಎರಡೂ ಬೇಡ.

ಹಗ್ಗ ಬಿಚ್ಚುವ ಮುನ್ನ ಬೋಟಿನ ದೀಪ ಹಾಕಿಸಿ ನೋಡಿ. ಸನ್‌ಸೆಟ್ ಟ್ರಿಪ್ ಎಂದರೆ ವಾಪಸಾತಿ ಕತ್ತಲೆಯಲ್ಲಿ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ಉರಿಯದ ಬೋಟನ್ನು ಎದುರು ಬರುವ ಮೀನುಗಾರಿಕೆ ಬೋಟಿನ ತಾಂಡೇಲ (ಬೋಟು ನಡೆಸುವವನು) ಕಾಣುವುದಾದರೂ ಹೇಗೆ? ಸೂರ್ಯಾಸ್ತದ ನಂತರ ಓಡಿಸಲು ಅನುಮತಿ ಇದೆಯೇ ಎಂಬುದನ್ನೂ ಕೇಳಿ. ಅದಿಲ್ಲದವರೇ ಸೂರ್ಯ ಮುಳುಗುವ ಮೊದಲೇ ‘ಟೈಮ್ ಆಯ್ತು’ ಅನ್ನುವುದು. ಅಗ್ನಿಶಾಮಕ ಸಿಲಿಂಡರ್, ರೇಡಿಯೋ ಎಲ್ಲಿದೆ ಎಂದು ತೋರಿಸಲು ಹೇಳಿ. ಕೋಸ್ಟ್ ಗಾರ್ಡ್‌ನ 1554 ಎಲ್ಲರ ಫೋನಿನಲ್ಲೂ ಇರಲಿ.

ಕೇಕು, ಬಲೂನು, ಡಿಜೆಯ ಪ್ಯಾಕೇಜನ್ನು ಏಜೆಂಟರು ತುರುಕುವುದು ಲಾಭ ಅದರಲ್ಲೇ ಇರುವುದರಿಂದ. ಬೇಕಾದರೆ ಕೇಕು ನೀವೇ ಒಯ್ಯಿರಿ.

ಅಡ್ವಾನ್ಸ್ ಕಾಲು ಭಾಗ ಮೀರಬಾರದು, ಅದೂ ಸಂಸ್ಥೆಯ ಹೆಸರಿನ ಖಾತೆಗೆ, ಬಿಲ್ಲಿನೊಂದಿಗೆ. ಉಳಿದದ್ದು ಜೆಟ್ಟಿಯಲ್ಲಿ, ಬೋಟಿನ ನಂಬರ್ ತಾಳೆ ನೋಡಿದ ಮೇಲೆ. ಹವಾಮಾನ ಕೆಟ್ಟು ರದ್ದಾದರೆ ‘ಬೇರೆ ದಿನ ಕೊಡುತ್ತೇವೆ’ ಎಂಬ ಷರತ್ತನ್ನು ಒಪ್ಪಬೇಡಿ. 500 ಕಿಲೋಮೀಟರ್ ವಾಪಸ್ ಬಂದವರಿಗೆ ಬೇರೆ ದಿನ ಏನು ಮಾಡಲಿಕ್ಕೆ? ಹಣ ವಾಪಸ್ ಎಂದೇ ಬರೆಸಿ.

ಹಣ ಈಗಾಗಲೇ ಹೋಗಿದ್ದರೆ ಎರಡು ದಾರಿ. ಬೋಟೇ ಇಲ್ಲದೆ ಫೋನ್ ಸ್ವಿಚ್ ಆಫ್ ಆಗಿದ್ದರೆ ಅದು ಸೈಬರ್ ವಂಚನೆ: ತಕ್ಷಣ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಕಡಿಮೆ. ಬೋಟು ಕೊಟ್ಟು ಮೋಸ ಮಾಡಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಆಯೋಗ. ಗೋವಾಕ್ಕೆ ಅಲೆಯಬೇಕಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಮಡಿಕೇರಿಯಲ್ಲೇ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಅವಧಿ ಎರಡು ವರ್ಷ. ಬೇಕಾಗುವುದು ಯುಪಿಐ ರಸೀದಿ, ಚಾಟ್, ಜಾಹೀರಾತಿನ ಸ್ಕ್ರೀನ್‌ಶಾಟ್, ಬಂದ ಬೋಟಿನ ನಂಬರ್ ಕಾಣುವ ಫೋಟೋ. ಜಗಳ ಶುರು ಮಾಡುವ ಮೊದಲೇ ಇವನ್ನೆಲ್ಲ ತೆಗೆದಿಟ್ಟುಕೊಳ್ಳಿ. ಜಗಳವಾದ ಮರುಗಳಿಗೆ ಏಜೆಂಟ್ ಮೆಸೇಜುಗಳನ್ನು ಅಳಿಸಿ ನಿಮ್ಮನ್ನು ಬ್ಲಾಕ್ ಮಾಡಿರುತ್ತಾನೆ.