ನರ್ಸಿಂಗ್ ಬಿಟ್ಟು ಮೆಡಿಕಲ್ ಕೋಡಿಂಗ್‌ಗೆ ಹೊರಟವರೇ, ಆ ಟ್ಯಾಬ್ ಮೇಲೆ ಸಹಿ ಹಾಕುವ ಮುಂಚೆ ಓದಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸ್ಟಾಫ್ ನರ್ಸುಗಳು ದಯವಿಟ್ಟು ಪೂರ್ತಿ ಓದಿ. "ವಾರ್ಡ್ ಬಿಡಿ, ಐಟಿ ಸೇರಿ, ನೈಟ್ ಡ್ಯೂಟಿ ಇಲ್ಲ, 100% ಜಾಬ್ ಗ್ಯಾರಂಟಿ" ಅಂತ ಹಾಸ್ಟೆಲ್ ಗೇಟಿಗೆ ಪಾಂಪ್ಲೆಟ್ ಅಂಟಿಸಿ ಹೋಗುತ್ತಾರಲ್ಲ, ಮೆಡಿಕಲ್ ಕೋಡಿಂಗ್ (ಹೆಚ್ಚಾಗಿ ಅಮೆರಿಕದ ರೋಗಿಗಳ ದಾಖಲೆ ಓದಿ, ವಿಮೆ ಬಿಲ್ಲಿಗಾಗಿ ರೋಗಕ್ಕೂ ಚಿಕಿತ್ಸೆಗೂ ಕೋಡ್ ಹಾಕುವ ಕೆಲಸ) ಕಲಿಸುವ ಆ ಸಂಸ್ಥೆಯವರ ವಿಷಯ ಇದು. ದೂರು ಕೊಟ್ಟಾಗಿದೆ, ಅದಕ್ಕೇ ಸಂಸ್ಥೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಹೆಸರು ಬೇಕಾಗಿಯೂ ಇಲ್ಲ, ಕೆಳಗಿನ ಗುರುತುಗಳು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಅವರಿಗೆ ಯಾರನ್ನು ಹಿಡಿಯಬೇಕು ಅನ್ನೋದು ಚೆನ್ನಾಗಿ ಗೊತ್ತು. ಜಿಎನ್‌ಎಂ ಅಥವಾ ಬಿಎಸ್ಸಿ ಮುಗಿಸಿ, ಖಾಸಗಿ ಆಸ್ಪತ್ರೆಯಲ್ಲಿ ಐದಾರು ವರ್ಷ ದುಡಿದು, ಸಂಬಳ ಏರದೆ, ಇನ್‌ಚಾರ್ಜ್ ಹುದ್ದೆಯೂ ಸಿಗದೆ ಕೂತವರು. ಉಚಿತ ಸೆಮಿನಾರ್ ಅಂತ ಕರೆದು ಮೊದಲ ಮಾತೇ ಇದು: "ಸಿಸ್ಟರ್, ಇನ್ನೂ ಎಷ್ಟ್ ವರ್ಷ ಬೆಡ್‌ಪ್ಯಾನ್ ಎತ್ತತೀರಿ?" ಈ ಒಂದು ಮಾತಿಗೆ ಅರ್ಧ ಹಾಲ್ ಬಿದ್ದೇ ಹೋಗುತ್ತದೆ. ನಾವು ಒಂದೇ ಆಸ್ಪತ್ರೆಯ ನಾಲ್ಕೈದು ಜನ ಅಲ್ಲಿ ಸಿಕ್ಕಿಕೊಂಡೆವು.

ಫೀಸು 68,000. ರಿಜಿಸ್ಟ್ರೇಶನ್ 2,000 ಬೇರೆ. "ಒಮ್ಮೆಲೇ ಕೊಡೂದೇನು ಬ್ಯಾಡ್ರಿ, ತಿಂಗಳ ತಿಂಗಳ ಕಂತು ಕಟ್ಟರಿ, ಬಡ್ಡಿ ಇಲ್ಲ." ಕೇಳಲಿಕ್ಕೆ ಎಷ್ಟು ಚೆಂದ. ಆಮೇಲೆ ಟ್ಯಾಬ್ ತಂದು ಆಧಾರ್, ಪ್ಯಾನ್, ಸಂಬಳದ ಖಾತೆ ನಂಬರ್ ತುಂಬಿಸಿಕೊಂಡು, ಒಂದು ಸೆಲ್ಫಿ ತೆಗೆದು, "ಒಟಿಪಿ ಹೇಳ್ರಿ ಸಿಸ್ಟರ್, ಅಡ್ಮಿಶನ್ ಕನ್ಫರ್ಮ್ ಮಾಡ್ಲಿಕ್ಕೆ" ಅಂತಾರೆ. ಒಂದಲ್ಲ, ಎರಡು ಒಟಿಪಿ. ಮೊದಲನೆಯದು ಸಾಲದ ಕರಾರಿಗೆ ನಿಮ್ಮ ಒಪ್ಪಿಗೆ. ಎರಡನೆಯದು ಇ-ನ್ಯಾಚ್, ಅಂದರೆ ಪ್ರತಿ ತಿಂಗಳು ನಿಮ್ಮ ಖಾತೆಯಿಂದ ತಾನಾಗಿ ದುಡ್ಡು ಎಳೆಯುವ ಅಧಿಕಾರ.

ನಾವು ಕಂತು ಅಂದುಕೊಂಡಿದ್ದೆವು. ಮನೆಗೆ ಬರುವಷ್ಟರಲ್ಲಿ ಎಂದೂ ಕೇಳದ ಫೈನಾನ್ಸ್ ಕಂಪನಿಯಿಂದ ಮೆಸೇಜ್: ನಿಮ್ಮ ಸಾಲ ಮಂಜೂರಾಗಿದೆ, ಹಣ ಬಿಡುಗಡೆಯಾಗಿದೆ. ಹಣ ನಮ್ಮ ಖಾತೆಗೆ ಬಂದಿಲ್ಲ, ನೇರ ಸಂಸ್ಥೆಗೆ ಹೋಗಿದೆ. ಅಂದರೆ ಒಂದೂ ಕ್ಲಾಸ್ ಆಗುವ ಮೊದಲೇ ಅವರ ಕೈಗೆ ಪೂರ್ತಿ ಫೀಸು, ನಮ್ಮ ತಲೆ ಮೇಲೆ ಪೂರ್ತಿ ಸಾಲ. ಇದನ್ನು ಮತ್ತೆ ಓದಿ. ಕ್ಲಾಸ್ ನಡೆಯಲಿ ಬಿಡಲಿ, ಸಂಸ್ಥೆ ಬಾಗಿಲು ಹಾಕಲಿ, ಇಎಂಐ ಮಾತ್ರ ನಿಮ್ಮದು. ಕೇಳಿದರೆ "ಅದು ಸಾಲ ಅಲ್ರಿ ಸಿಸ್ಟರ್, ಫೈನಾನ್ಸ್ ಫೆಸಿಲಿಟಿ ಅದ" ಅಂತ ನಗುತ್ತಾ ಹೇಳಿದರು. ನಗುತ್ತಾ!

ಇನ್ನು ಪಾಠ. ಕೊಟ್ಟದ್ದು ಸ್ಪೈರಲ್ ಬೈಂಡ್ ಮಾಡಿದ ಜೆರಾಕ್ಸ್. ಕೋಡಿಂಗ್ ಪುಸ್ತಕಗಳು ವರ್ಷಕ್ಕೊಂದು ಆವೃತ್ತಿ ಬರುತ್ತವೆ: ಸಿಪಿಟಿ (ಚಿಕಿತ್ಸೆಯ ಕೋಡ್‌ಗಳು) ಪ್ರತಿ ಜನವರಿ 1ಕ್ಕೆ ಬದಲು, ಐಸಿಡಿ-10-ಸಿಎಂ (ರೋಗದ ಕೋಡ್‌ಗಳು) ಪ್ರತಿ ಅಕ್ಟೋಬರ್ 1ಕ್ಕೆ ಬದಲು. ಇವರ ಜೆರಾಕ್ಸಿನಲ್ಲಿ ವರ್ಷ ಇರುವ ಮೊದಲ ಪುಟವೇ ಇಲ್ಲ. ಹಳೇದು ಅಂತ ಕಂಡುಹಿಡಿಯುವುದು ಹೇಗೆ? ಇ ಆಂಡ್ ಎಂ, ಅಂದರೆ ವೈದ್ಯರ ಭೇಟಿಯ ಕೋಡ್‌ಗಳ ಭಾಗ ತೆರೆದು 99201 ಇದೆಯಾ ನೋಡಿ. ಹೊಸ ರೋಗಿಯ ಒಪಿಡಿ ಭೇಟಿಯ ಕೋಡ್ ಅದು, 2021ರ ಜನವರಿ 1ರಿಂದ ತೆಗೆದೇ ಹಾಕಿದ್ದಾರೆ. ಅದೇ ದಿನದಿಂದ ಒಪಿಡಿ ಭೇಟಿಯ ಲೆವೆಲ್ ಹಾಕುವುದು ವೈದ್ಯರ ನಿರ್ಣಯ ಎಷ್ಟು ಜಟಿಲ ಅನ್ನುವುದರ ಮೇಲೆ, ಇಲ್ಲವೇ ಹಿಡಿದ ಸಮಯದ ಮೇಲೆ. ಹಿಸ್ಟರಿಯ ಅಂಶ, ಎಕ್ಸಾಮಿನೇಶನ್ ಅಂಶ ಎಣಿಸುವ ಹಳೇ ಲೆಕ್ಕ ಹೋಯಿತು. ಅಬ್ಸರ್ವೇಶನ್ ರೋಗಿಗಳ 99218, 99219, 99220 ಕೂಡ 2023ರಲ್ಲಿ ಹೋದವು, ಒಳರೋಗಿ ಕೋಡ್‌ಗಳಲ್ಲೇ ಸೇರಿಸಿದರು. ನಮಗೆ ಇವೆಲ್ಲವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ತೋರಿಸಿ ಕೇಳಿದರೆ ಟ್ರೇನರ್ ಉತ್ತರ: "ಕೋಡ್ ಬದಲಾಗತಾವ್ರಿ, ಕಾನ್ಸೆಪ್ಟ್ ಮುಖ್ಯ." ಬದಲಾದದ್ದೇ ಕಾನ್ಸೆಪ್ಟ್ ಮಾರಾಯ!

ಸರ್ಟಿಫಿಕೇಟ್ ಕಥೆ ಕೇಳಿ. ಸೆಮಿನಾರಿನಲ್ಲಿ ಬಾಯಿ ತುಂಬಾ "ಸಿಪಿಸಿ, ಸಿಪಿಸಿ". ಕೊನೆಗೆ ಕೊಡುವುದು ತಮ್ಮದೇ ಹೆಸರಿನ, ಬಂಗಾರದ ಸೀಲ್ ಒತ್ತಿದ, ಮೂಲೆಯಲ್ಲಿ ಐಎಸ್‌ಒ 9001 ಅಂತ ಅಚ್ಚಾದ ಹಾಳೆ. ಐಎಸ್‌ಒ 9001 ಅಂದರೆ ಕಚೇರಿಯ ನಿರ್ವಹಣಾ ಪದ್ಧತಿಗೆ ಕೊಡುವುದು, ಕೋರ್ಸಿಗೆ ಮಾನ್ಯತೆ ಅಲ್ಲ. ನಿಜವಾದ ಸಿಪಿಸಿ ಅಮೆರಿಕದ ಕೋಡರ್‌ಗಳ ಸಂಸ್ಥೆ ಎಎಪಿಸಿ ನಡೆಸುವ ಪರೀಕ್ಷೆ: 100 ಪ್ರಶ್ನೆ, 4 ತಾಸು, ಪಾಸಿಗೆ 70%. ಸಿಪಿಟಿ, ಐಸಿಡಿ-10-ಸಿಎಂ, ಎಚ್‌ಸಿಪಿಸಿಎಸ್ ಲೆವೆಲ್ 2 (ಔಷಧ, ಸಾಮಗ್ರಿಗಳ ಕೋಡ್), ಈ ಮೂರು ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬೇಕು. ಮೆಂಬರ್‌ಶಿಪ್ಪೂ ಪರೀಕ್ಷಾ ಫೀಸೂ ಡಾಲರ್ ಲೆಕ್ಕದಲ್ಲಿ ಅವರಿಗೇ ಕಟ್ಟಬೇಕು. ಈ ಖರ್ಚು 68,000ದಲ್ಲಿ ಇಲ್ಲ ಅಂತ ಹೇಳಿದ್ದು ಕೋರ್ಸ್ ಮುಗಿಯುವ ಹೊತ್ತಿಗೆ. "ಬ್ರೋಷರ್‌ನಾಗ ಬರದದ ನೋಡ್ರಿ" ಅಂದರು. ಬರೆದಿದೆ ನಿಜ, ಇರುವೆ ಸಾಲಿನಂಥ ಅಕ್ಷರದಲ್ಲಿ.

ದೊಡ್ಡ ಸುಳ್ಳು ಇನ್ನೊಂದು. "ನಿಮ್ಮ ಐಸಿಯು ಅನುಭವ ಕೌಂಟ್ ಆಗತದ, ಡೈರೆಕ್ಟ್ ಸೀನಿಯರ್ ಕೋಡರ್." ಆಗುವುದಿಲ್ಲ. ಕೋಡಿಂಗ್ ಅನುಭವ ಇಲ್ಲದೆ ಪಾಸಾದವರಿಗೆ ಸಿಗುವುದು ಸಿಪಿಸಿ-ಎ, ಅಂದರೆ ಅಪ್ರೆಂಟಿಸ್. ಆ 'ಎ' ತೆಗೆಯಲು ಕೋಡಿಂಗ್ ಕೆಲಸದ ಅನುಭವವೇ ಬೇಕು, ವಾರ್ಡಿನದ್ದು ನಡೆಯಲ್ಲ. ಅನಾಟಮಿ, ಔಷಧದ ಹೆಸರು, ಡಿಸ್ಚಾರ್ಜ್ ಸಮರಿ ಓದುವ ರೂಢಿ ನಮಗೆ ಇರುವುದರಿಂದ ಕಲಿಯುವುದು ಬೇಗ ಆಗುತ್ತದೆ, ಅಷ್ಟು ಲಾಭ ಇದೆ. ಸಂಬಳ ಮಾತ್ರ ಫ್ರೆಶರ್‌ದು. ಕೆಲಸ ಇರುವುದು ಹೈದರಾಬಾದ್, ಚೆನ್ನೈ, ಬೆಂಗಳೂರಿನಲ್ಲಿ. ರೂಮಿನ ಬಾಡಿಗೆ ಕಳೆದರೆ ಕಲಬುರಗಿಯಲ್ಲಿ ಉಳಿಯುತ್ತಿದ್ದಷ್ಟೂ ಉಳಿಯಲಿಕ್ಕಿಲ್ಲ. ದಿನಕ್ಕೆ ಇಷ್ಟು ಚಾರ್ಟ್ ಅಂತ ಟಾರ್ಗೆಟ್, ಮೇಲೆ ಆಡಿಟ್. ಸಿಪಿಸಿ ಇಲ್ಲದ ನರ್ಸಿಂಗ್, ಲೈಫ್ ಸೈನ್ಸ್ ಪದವೀಧರರನ್ನು ತೆಗೆದುಕೊಂಡು ತಾವೇ ತರಬೇತಿ ಕೊಡುವ ಕಂಪನಿಗಳೂ ಇವೆ. ಮೊದಲು ಅಂಥ ವಾಕ್-ಇನ್‌ಗೆ ಹೋಗಿ ಬನ್ನಿ. ಇದನ್ನು ಆ ಸಂಸ್ಥೆಯವರು ಸತ್ತರೂ ಹೇಳುವುದಿಲ್ಲ.

"ಗ್ಯಾರಂಟಿ" ಏನಾಯಿತು? ಕರಾರಿನಲ್ಲಿ ಗ್ಯಾರಂಟಿ ಅನ್ನುವ ಪದವೇ ಇಲ್ಲ, "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್, 3 ಸಂದರ್ಶನಗಳವರೆಗೆ" ಅಂತಿದೆ. ಮೊದಲನೆಯದು ಇನ್ಶೂರೆನ್ಸ್ ಪಾಲಿಸಿ ಮಾರುವ ಟೆಲಿಕಾಲರ್ ಕೆಲಸಕ್ಕೆ. ಎರಡನೆಯದು ಆಸ್ಪತ್ರೆ ಬಿಲ್ಲಿಂಗ್ ಕೌಂಟರ್. ಮೂರನೆಯದು ಬರೀ ಗೂಗಲ್ ಫಾರ್ಮ್. ಆಮೇಲೆ ಉತ್ತರ ಬದಲಾಯಿತು. ಮೊದಲೆಲ್ಲ "ಪ್ರೊಸೆಸ್ ನಡದದ ಸಿಸ್ಟರ್", ನಂತರ "ನಿಮ್ಮ ಕಮ್ಯುನಿಕೇಶನ್ ವೀಕ್ ಅದ", ಕೊನೆಗೆ "ಮೂರು ಕೊಟ್ಟೀವಿ, ನಮ್ಮ ಕಡಿಂದ ಮುಗೀತು". ರಿಫಂಡ್ ಕೇಳಿದರೆ "ಹೈದರಾಬಾದ್ ಹೆಡ್ ಆಫೀಸಿಗೆ ಮೇಲ್ ಹಾಕ್ರಿ". ಮೇಲ್ ಹಾಕಿದರೆ ಲೋಕಲ್ ಬ್ರಾಂಚ್ ಕೇಳಿ ಅಂತಾರೆ. ಹೊಸ ಬ್ಯಾಚ್ ವಿಚಾರಿಸುವವರ ಹಾಗೆ ಬೇರೆ ನಂಬರಿನಿಂದ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಾರೆ!

ಸಿಕ್ಕಿಬಿದ್ದಿದ್ದರೆ ಏನು ಮಾಡಬೇಕು? ಸಾಲ ಆದ ಮೆಸೇಜ್ ಬಂದ ದಿನವೇ ಎಚ್ಚೆತ್ತುಕೊಳ್ಳಿ. ಡಿಜಿಟಲ್ ಸಾಲಕ್ಕೆ ಆರ್‌ಬಿಐ ನಿಯಮದಂತೆ ಕನಿಷ್ಠ ಒಂದು ದಿನ ಕೂಲಿಂಗ್-ಆಫ್ ಇರಲೇಬೇಕು. ಆ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ವೆಚ್ಚ ಕೊಟ್ಟು ದಂಡವಿಲ್ಲದೆ ಹೊರಬರಬಹುದು. ಎಷ್ಟು ದಿನ ಅಂತ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿ (ಸಾಲದ ಮುಖ್ಯ ವಿವರಗಳ ಹಾಳೆ) ಬರೆದಿರುತ್ತದೆ, ಕೇಳಿ ಪಡೆಯಿರಿ. ಸಾಲದಿಂದ ಹೊರಬರುತ್ತೇನೆ ಅಂತ ಫೈನಾನ್ಸ್ ಕಂಪನಿಗೂ ಸಂಸ್ಥೆಗೂ ಒಂದೇ ಮೇಲ್ ಹಾಕಿ. ಸಿಟ್ಟಿನಲ್ಲಿ ಇಎಂಐ ನಿಲ್ಲಿಸಬೇಡಿ. ಸಂಸ್ಥೆಗೆ ಏನೂ ಆಗಲ್ಲ, ಬೌನ್ಸ್ ಚಾರ್ಜು ನಿಮಗೆ, ಸಿಬಿಲ್ ಹಾಳಾಗುವುದೂ ನಿಮ್ಮದೇ. ಫೈನಾನ್ಸ್ ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಸಂಸ್ಥೆಯ ಮೇಲಿನ ದೂರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಕಟ್ಟಿದ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, 2 ವರ್ಷದೊಳಗೆ ಹಾಕಬೇಕು. "ಕೇಸ್ ಹೈದರಾಬಾದಿಗೇ ಬಂದು ಹಾಕಬೇಕು" ಅಂತ ಹೆದರಿಸುತ್ತಾರೆ. 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವಿರುವ ಊರಲ್ಲೇ ಹಾಕಬಹುದು. ಪಾಂಪ್ಲೆಟ್, ಒಟಿಪಿ ಮೆಸೇಜ್, ವಾಟ್ಸ್ಆ್ಯಪ್ ಚಾಟ್, ಆ ಜೆರಾಕ್ಸ್ ಪುಸ್ತಕ, ಏನನ್ನೂ ಬಿಸಾಡಬೇಡಿ.

ಕೆಲಸಕ್ಕೆ ಮಾತ್ರ ರಾಜೀನಾಮೆ ಕೊಡಬೇಡಿ. "ಫುಲ್ ಟೈಮ್ ಬ್ಯಾಚ್ ಅದ, ಡ್ಯೂಟಿ ಬಿಡ್ರಿ" ಅಂತ ಒತ್ತಾಯ ಮಾಡುತ್ತಾರೆ, ನಮ್ಮಲ್ಲಿ ಇಬ್ಬರು ನೋಟಿಸ್ ಅವಧಿ ಮುಗಿಸದೆ ಬಿಟ್ಟು ಈಗ ರಿಲೀವಿಂಗ್ ಲೆಟರ್‌ಗೆ ಅಲೆಯುತ್ತಿದ್ದಾರೆ. ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಣವನ್ನೂ ಬಿಡಬೇಡಿ. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆ ಗ್ರೂಪ್ ಸಿ, ಸಂವಿಧಾನದ 371(ಜೆ) ವಿಧಿಯಲ್ಲಿ ನಮ್ಮ ಭಾಗದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ 80% ನಮಗೇ ಇವೆ. ನೋಂದಣಿ ಸತ್ತಿದ್ದರೆ ಅರ್ಜಿಯೇ ಹಾಕಲಾಗದು. ವಾರ್ಡ್ ಸಾಕಾಗಿದ್ದರೆ ಇನ್ಫೆಕ್ಷನ್ ಕಂಟ್ರೋಲ್, ಎನ್‌ಎಬಿಎಚ್ (ಆಸ್ಪತ್ರೆ ಗುಣಮಟ್ಟದ ಮಾನ್ಯತೆ) ಕ್ವಾಲಿಟಿ, ಇನ್ಶೂರೆನ್ಸ್ ಡೆಸ್ಕ್, ಇವಕ್ಕೆಲ್ಲ ನಮ್ಮ ಅನುಭವ ಲೆಕ್ಕಕ್ಕೆ ಬರುತ್ತದೆ. ಮೊದಲು ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ಕೇಳಿ, ಫೀಸಂತೂ ಇಲ್ಲ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ "ವೆರಿಫಿಕೇಶನ್‌ಗೆ" ಅಂತ ಕೇಳಿದರೆ ಕೊಡಬೇಡಿ. ಕೊಟ್ಟಾಗಿದ್ದರೆ ಪಟ್ಟಿ ಮಾಡಿ, ವಾಪಸ್ ಕೊಡಿ ಅಂತ ಪತ್ರ ಬರೆದು, ಒಂದು ಪ್ರತಿಗೆ ಅವರ ಸಹಿ, ಸೀಲ್ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಆ ರಸೀದಿ ಹಿಡಿದುಕೊಂಡು ಸ್ಟೇಷನ್‌ಗೆ ಹೋಗಿ.